ಗಿರಣಿ ಕಾಕು ಕತ್ತರಿಸಿಟ್ಟ ಬಾಲ

ಅತ್ತೆಯವರು ತೀರಿಕೊಂಡ ಮೇಲೆ ಅವರ ಟ್ರಂಕು ತೆರೆಯಲು ನನಗೆ ಮನಸ್ಸೇ ಬಂದಿರಲಿಲ್ಲ. ಮೊನ್ನೆ ಗೋಡೆಗೆ ಬಣ್ಣ ಹಚ್ಚುವವರು ಬಂದರು. ಟ್ರಂಕು ಸರಿಸಬೇಕಾಯಿತು. ಮೊದಲು ಹಗುರ ಮಾಡೋಣವೆಂದು ಬೀಗ ತೆಗೆದೆ. ತಳದಲ್ಲಿ, ಅವರ ಮದುವೆಯ ಇಳಕಲ್ ಸೀರೆಯ ಕೆಳಗೆ, ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಮೊದಲು ಉದುರಿದ್ದು ಹಿಟ್ಟು. ಎಷ್ಟು ವರ್ಷದ ಹಿಟ್ಟೋ, ಬಣ್ಣ ಹೋಗಿ ಬೂದಿಯಂತಾಗಿತ್ತು, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಹಿಟ್ಟು ಕೊಡವಿದ ಮೇಲೆ ಕೈಗೆ ಬಂದದ್ದು ಒಂದು ಬೆರಳು ದಪ್ಪದ ಹಾಳೆಗಳ ಕಟ್ಟು. ರಟ್ಟಿಲ್ಲ, ಹೆಸರಿಲ್ಲ. ಚೀಲದ ಬಾಯಿ ಹೊಲಿಯುವ ದಬ್ಬಣದಿಂದ, ಅದೇ ಸೆಣಬಿನ ದಾರದಿಂದ ಹೊಲಿದದ್ದು. ಮೊದಲ ಹಾಳೆಯ ಮೊದಲ ಸಾಲು ಹೀಗಿತ್ತು: ‘ಒದ್ದೆಯಾದ ಟವೆಲ್ ಇತ್ತು.’

ಯಾವ ಪುಸ್ತಕವೂ ಹೀಗೆ ಶುರುವಾಗುವುದಿಲ್ಲ. ಆದರೆ ಆ ಸಾಲಿನ ಮೊದಲರ್ಧ ಏನೆಂದು ನನಗೆ ಗೊತ್ತಿತ್ತು. ‘ಕಂಬದ ಮರೆಯಿಂದ ಹೊರಬಂದ ಆ ವ್ಯಕ್ತಿಯ ಕೈಯಲ್ಲಿ.’ ಅಷ್ಟನ್ನು ಓದಿದಾಗ ನನಗೆ ಹತ್ತೊಂಬತ್ತು ವರ್ಷ, ಹೊಸ ಸೊಸೆ. ಉಳಿದರ್ಧ ಓದುವಾಗ ನನಗೆ ಮೊಮ್ಮಕ್ಕಳಿದ್ದಾರೆ, ಎರಡು ಕಣ್ಣಿಗೂ ಪೊರೆ ತೆಗೆಸಿಕೊಂಡಿದ್ದೇನೆ. ಬಣ್ಣದವರು “ಟ್ರಂಕು ಸರಸೂಣೇನ್ರಿ ಅಮ್ಮಾರ?” ಎಂದು ಎರಡು ಸಲ ಕೇಳಿದರು. ಆ ಹಳೆಯ ಹಿಟ್ಟಿನಲ್ಲಿ ಕೈ ಇಟ್ಟುಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟೆ...

ಎಪ್ಪತ್ತರ ದಶಕದ ನಡುವೆ ನಾನು ರಾಮದುರ್ಗದಿಂದ ಬೈಲಹೊಂಗಲದ ಈ ಮನೆಗೆ ಬಂದೆ. ಅಪ್ಪ ಮ್ಯಾಟ್ರಿಕ್‌ವರೆಗೆ ಓದಿಸಿದ್ದರು. ಅದರ ಫಲವಾಗಿ ನನಗೆ ನೌಕರಿ ಸಿಗಲಿಲ್ಲ, ಚಟ ಅಂಟಿಕೊಂಡಿತು. ಕಣ್ಣೆದುರು ಅಕ್ಷರ ಇರದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅತ್ತೆಯ ಮನೆಯಲ್ಲಿ ಅಕ್ಷರವೆಂದರೆ ಗೋಡೆಯ ಕ್ಯಾಲೆಂಡರ್ ಒಂದೇ. ಬೆಲ್ಲ ಕಟ್ಟಿ ಬಂದ ಕಾಗದವನ್ನು ಬಿಡಿಸಿ ಓದುತ್ತಾ ನಿಂತದ್ದನ್ನು ಒಮ್ಮೆ ಅತ್ತೆಯವರು ನೋಡಿದರು. “ಓದಿ ಯಾವ ಕಚೇರಿಗೆ ಹೋಗಾಕಿದ್ದಿ?” ಎಂದು ಕೇಳಿ ಕಾಗದವನ್ನು ಒಲೆಯ ಪಕ್ಕದ ಗೂಡಿಗೆ ತುರುಕಿದರು. ಒಲೆಗೆ ಹಾಕಲಿಲ್ಲ, ಅಕ್ಷರ ಸುಟ್ಟರೆ ಪಾಪ ಎಂದು ಅವರು ನಂಬಿದ್ದರು. ಆ ನಂಬಿಕೆಗೆ ನಾನು ಎಷ್ಟು ಋಣಿ ಎಂಬುದು ಮೊನ್ನೆಯವರೆಗೆ ನನಗೇ ಗೊತ್ತಿರಲಿಲ್ಲ.

ಸೊಸೆಯಾದವಳು ಒಬ್ಬಳೇ ಹೋಗಬಹುದಾದ ಜಾಗ ಊರಲ್ಲಿ ಒಂದೇ ಇತ್ತು. ಗಿರಣಿ. ನಮ್ಮ ಓಣಿ ಮುಗಿದು ಪೇಟೆ ಶುರುವಾಗುವ ಮೂಲೆಯಲ್ಲಿ ಅದು. ಒಳಗೆ ಎರಡು ಯಂತ್ರ, ಒಂದು ಜೋಳ ಗೋಧಿಗೆ, ಇನ್ನೊಂದು ಖಾರದ ಪುಡಿಗೆ. ಅದನ್ನು ನಡೆಸುತ್ತಿದ್ದವಳನ್ನು ಇಡೀ ಓಣಿ ಗಿರಣಿ ಕಾಕು ಎಂದು ಕರೆಯುತ್ತಿತ್ತು, ನಮ್ಮ ಕಡೆ ಕಾಕು ಎಂದರೆ ಚಿಕ್ಕಮ್ಮ. ಗಂಡ ತೀರಿಕೊಂಡು ತಿಂಗಳೊಳಗೆ ಮೋಟರಿನ ಮುಂದೆ ಬಂದು ನಿಂತವಳು. ಹೆಂಗಸು ಮೋಟರಿಗೆ ಬೆಲ್ಟಿನ ಪಟ್ಟಾ ಏರಿಸುತ್ತಾಳೆಯೇ, ಬೀಸುವ ಕಲ್ಲಿಗೆ ಹಲ್ಲು ಕೊರೆಯುತ್ತಾಳೆಯೇ ಎಂದು ನಕ್ಕವರೇ ಆಮೇಲೆ ಅವಳ ಕೈಯ ಹಿಟ್ಟಿನ ರೊಟ್ಟಿ ತಿಂದು ಸುಮ್ಮನಾದರು. ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲಾ ಬಿಳಿ. ನಾನು ಅವಳಿಗೆ ಅರವತ್ತಾಗಿರಬೇಕು ಎಂದುಕೊಂಡಿದ್ದೆ. ಒಂದು ಸೋಮವಾರ ಗುಡಿಯಲ್ಲಿ ಮುಖ ತೊಳೆದ ಕಾಕುವನ್ನು ನೋಡಿದಾಗ ಗುರುತೇ ಸಿಗಲಿಲ್ಲ. ನಲವತ್ತೂ ಆಗಿರದ ಹೆಂಗಸು.

ಕರೆಂಟು ಆಗ ತನಗೆ ಬೇಕಾದಾಗ ಬರುತ್ತಿತ್ತು. ಡಬ್ಬಿಗಳನ್ನು ಸಾಲಾಗಿ ಪಾಳಿಗೆ ಹಚ್ಚಿ ನಾವು ಹತ್ತು ಹದಿನೈದು ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದೆವು. ಎಲ್ಲರದೂ ಒಂದೇ ನಮೂನೆಯ ಎಣ್ಣೆ ಡಬ್ಬಿಗಳು. ಬೇರೆ ಗಿರಣಿಗಳಲ್ಲಿ ಡಬ್ಬಿಯ ಮೇಲೆ ಬಣ್ಣದಿಂದ ಹೆಸರು ಬರೆಸುತ್ತಿದ್ದರು. ಕಾಕು ಮಾತ್ರ ಹಿಡಿಕೆಗೆ ಬಟ್ಟೆಯ ಚೂರು ಕಟ್ಟುತ್ತಿದ್ದಳು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನನ್ನದು ಕೆಂಪು. “ಹೆಸರು ಯಾಕ ಬರಸೂದಿಲ್ರಿ ಕಾಕು?” ಎಂದರೆ, “ಹೆಸರು ಅಳಸತೈತಿ, ಗಂಟು ಅಳಸೂದಿಲ್ಲ” ಎನ್ನುತ್ತಿದ್ದಳು. ನಾನು ನಂಬಿದೆ.

ಮೂರನೆಯದೋ ನಾಲ್ಕನೆಯದೋ ಸಲ ಹೋದಾಗ ಇರಬೇಕು, ಖಾಲಿ ಕೂತು ಗೋಣಿಚೀಲದ ಮೇಲೆ ಅಚ್ಚಾದ ಅಕ್ಷರಗಳನ್ನು ನಾನು ಓದುತ್ತಿದ್ದೆ. ಕಾಕು ನೋಡಿದಳು. ಏನೂ ಕೇಳದೆ ಖಾರದ ಯಂತ್ರದ ಹಿಂದಿನ ಹಲಗೆಗೆ ಕೈ ಹಾಕಿ ಒಂದು ಪುಸ್ತಕ ತೆಗೆದಳು. ಅಲ್ಲಿ ಸಾಲಾಗಿ ಇನ್ನೂ ಎಷ್ಟೋ ಇದ್ದವು! ಗಂಡ ಬದುಕಿದ್ದಾಗ ಪಟ್ಟಾ ತರಲು, ಬೇರಿಂಗ್ ತರಲು ಧಾರವಾಡಕ್ಕೆ ಹೋದಾಗಲೆಲ್ಲ ಒಂದೆರಡು ಪುಸ್ತಕ ಹಿಡಿದು ಬರುತ್ತಿದ್ದನಂತೆ. ಅವನು ಹೋದ ಮೇಲೆ ಕಾಕು ರದ್ದಿಯವನ ಬಳಿ ಕೊಳ್ಳಲು ಶುರುಮಾಡಿದ್ದಳು. ಅವಳು ಕೊಳ್ಳುವ ರೀತಿ ಹೀಗೆ: ರದ್ದಿಯವನಿಗೆ ಮೊದಲ ಹಾಳೆ ಗಟ್ಟಿಯಾಗಿ ಓದಲು ಹೇಳುವುದು. ಓದುತ್ತಾ ಅವನೇ ಎರಡನೆಯ ಹಾಳೆ ತಿರುವಿದರೆ ಪುಸ್ತಕ ತೆಗೆದುಕೊಳ್ಳುವುದು, ಇಲ್ಲವಾದರೆ ಬಿಡುವುದು. ಇವತ್ತಿಗೂ ಪುಸ್ತಕ ಆರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ದೊಡ್ಡ ದೊಡ್ಡ ವಿಮರ್ಶಕರು ಏನು ಬೇಕಾದರೂ ಹೇಳಲಿ.

ಯಾರಿಗೆ ಯಾವ ಪುಸ್ತಕ ಎಂಬುದರಲ್ಲಿ ಕಾಕುವಿನ ಕೈ ತಪ್ಪುತ್ತಿರಲಿಲ್ಲ. ನೆಗೆಣ್ಣಿಯರ ಜೊತೆ ಜಗಳಾಡಿ ಮುಖ ಊದಿಸಿಕೊಂಡು ಬಂದವಳಿಗೆ ಕೊಲೆಯ ಕಥೆ. “ಇದರಾಗ ಮೂರು ಮಂದಿ ಸಾಯತಾರ. ಓದು, ಸಿಟ್ಟ ಇಳಿತೈತಿ.” ಬಾಣಂತನದ ಮೇಲೆ ಹೊಸಿಲು ದಾಟದೆ ಬೇಸತ್ತವಳಿಗೆ, ಕಾಡಿನ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವನೊಬ್ಬ ನಿವೃತ್ತನಾಗಿ ಬರೆದ ನೆನಪುಗಳು. ಅದರಲ್ಲಿ ಆನೆಯೊಂದು ಅವನ ಡೇರೆಯ ಹಗ್ಗಗಳನ್ನು ಒಂದೊಂದಾಗಿ ದಾಟಿ ಹೋಗುವ ಪ್ರಸಂಗವಿತ್ತು, ಒಂದು ಹಗ್ಗವೂ ಕಿತ್ತಿರಲಿಲ್ಲ. ಹೆತ್ತ ಕೂಸನ್ನು ಕಳೆದುಕೊಂಡ ಒಬ್ಬಳು ಓಣಿಯಲ್ಲಿದ್ದಳು. ಎಲ್ಲರೂ ಅವಳಿಗೆ ದೇವರ ಪುಸ್ತಕ ಕೊಡುತ್ತಿದ್ದರು. ಕಾಕು ಕೊಟ್ಟದ್ದು, ಬಾವಿಯ ಮೇಲೆ ಬಾಗಿದ ಜಾಲಿಯ ಮರದಲ್ಲಿ ಗೀಜಗಗಳು ಗೂಡು ನೇಯುವುದನ್ನು ವರ್ಷವಿಡೀ ನೋಡುತ್ತಾ ಕೂತ ಒಬ್ಬ ಶಾಲೆಯ ಮಾಸ್ತರನ ದಿನಚರಿ. “ತಗೋವಾ. ಇದರಾಗ ಯಾರೂ ನಿನಗ ಸಮಾಧಾನ ಹೇಳೂದಿಲ್ಲ” ಎಂದಳು. ಆ ಹೆಂಗಸು ಆ ಪುಸ್ತಕವನ್ನು ನಾಲ್ಕು ತಿಂಗಳು ವಾಪಸು ತರಲಿಲ್ಲ. ಕಾಕು ಕೇಳಲೂ ಇಲ್ಲ.

ಒಮ್ಮೆ ಶಾಲೆಯ ಶಿಕ್ಷಕಿ ಬಾಯಿಯವರು, ಹೆಂಗಸರಿಗೆ ನೀತಿ ಕಲಿಸುವ ಪುಸ್ತಕ ಯಾಕೆ ಇಟ್ಟಿಲ್ಲ ಎಂದು ಆಕ್ಷೇಪಿಸಿದರು. ಕಾಕು ಹಿಟ್ಟಿನ ಕೈ ಕೊಡವಿ, “ಬುದ್ಧಿ ಹೇಳಾವ್ರು ಮನ್ಯಾಗ ಹತ್ತ ಮಂದಿ ಅದಾರ್ರಿ ಬಾಯಾರ. ಪುಸ್ತಕದಾಗೂ ಬೇಕೇನು?” ಎಂದಳು. ಈ ಮಾತು ನನಗೆ ಎಷ್ಟು ರುಚಿಸಿತೆಂದರೆ ಅದನ್ನೇ ನಾನು ಜೀವನವಿಡೀ ನನ್ನ ಮಾತೆಂಬಂತೆ ಹೇಳಿಕೊಂಡು ಬಂದಿದ್ದೇನೆ.

ಪತ್ತೇದಾರಿ ಪುಸ್ತಕಗಳಿಗೆ ಗಿರಣಿಯಲ್ಲಿ ಬೇರೆಯೇ ಕಾನೂನು. ಹಿಂದೆ ಯಾರೋ ಒಬ್ಬಳು ಕೊನೆಯ ಹಾಳೆ ಮೊದಲೇ ಓದಿ, ಕೊಲೆಗಾರ ಯಾರೆಂದು ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿ ಕೆಡಿಸಿದ್ದಳಂತೆ. ಅವತ್ತಿನಿಂದ ಕಾಕು ಅಂಥ ಪುಸ್ತಕಗಳ ಕೊನೆಯ ಭಾಗವನ್ನು ಬೆರಳು ದಪ್ಪಕ್ಕೆ ಅಳೆದು, ಬ್ಲೇಡಿನಿಂದ ಕತ್ತರಿಸಿ, ಬೇರೆ ಹೊಲಿದು ಇಡುತ್ತಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು ಬಾಲ. ಬಾಲ ಬೇಕಾದವಳು ಅಲ್ಲಿಯವರೆಗಿನ ಕಥೆಯನ್ನು ಕಾಕುವಿಗೆ ಹೇಳಬೇಕು, ಯಾರ ಮೇಲೆ ಸಂಶಯ, ಯಾಕೆ ಎಂಬುದನ್ನೂ ಹೇಳಬೇಕು. ಆಮೇಲೆ ಬಾಲ ಓದಿ ಬಂದು ಕೊನೆಗೇನಾಯಿತೆಂದು ತಿಳಿಸಬೇಕು. ಕಾಡಿನ ಪುಸ್ತಕಗಳಿಗೆ ಬಾಲ ಕತ್ತರಿಸುತ್ತಿರಲಿಲ್ಲ. “ಅಡವಿ ಎಲ್ಲಿಂದ ಹೊಕ್ಕರೂ ಅಡವಿನ” ಎನ್ನುತ್ತಿದ್ದಳು.

ವಿಚಿತ್ರವೆಂದರೆ, ಅವಳು ಕತ್ತರಿಸಿದ್ದು ಅಧ್ಯಾಯದ ಕೊನೆಗೆ ಇರುತ್ತಿರಲಿಲ್ಲ. ಸಾಲಿನ ನಡುವೆಯೇ ಕಥೆ ನಿಂತುಬಿಡುತ್ತಿತ್ತು. ಎಂಥ ಜಾಣೆ, ಬೇಕೆಂದೇ ಹೀಗೆ ಕತ್ತರಿಸಿ ನಮ್ಮ ಜೀವ ತಿನ್ನುತ್ತಾಳೆ ಎಂದು ನಾನು ಮೆಚ್ಚಿಕೊಂಡಿದ್ದೆ. “ಇಷ್ಟು ಓದಿ ಹೇಳು, ನನ್ನ ಕಣ್ಣಾಗ ಹಿಟ್ಟ ಹೋಗೇತಿ” ಎಂದು ಆಗಾಗ ಯಾವುದೋ ಪುಸ್ತಕದ ಹೆಸರು ನನ್ನಿಂದ ಓದಿಸುತ್ತಿದ್ದಳು. ಗಿರಣಿಯವಳ ಕಣ್ಣಲ್ಲಿ ಹಿಟ್ಟು ಹೋಗದೆ ಇನ್ನೇನು ಹೋದೀತು? ನಾನು ಅದನ್ನೂ ನಂಬಿದೆ.

ಪುಸ್ತಕ ಮನೆಗೆ ಬರುತ್ತಿದ್ದದ್ದು ಹಿಟ್ಟಿನೊಳಗೆ. ಗೋಣಿಯ ತುಂಡಿನಲ್ಲಿ ಸುತ್ತಿ, ಡಬ್ಬಿಯ ತಳದಲ್ಲಿಟ್ಟು, ಮೇಲೆ ಬಿಸಿ ಹಿಟ್ಟು ಸುರಿದರೆ ಯಾರೂ ಕೈ ಹಾಕುವಂತಿರಲಿಲ್ಲ. ವಾಪಸು ಹೋಗುತ್ತಿದ್ದದ್ದು ಜೋಳದೊಳಗೆ. ಮಧ್ಯಾಹ್ನ ಅತ್ತೆಯವರು ಅಡ್ಡಾದಾಗ ನಾನು ಕಾಳು ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಕೂರುತ್ತಿದ್ದೆ. ಮೊರದಲ್ಲಿ ಪುಸ್ತಕ, ಅಂಚಿಗೆ ಕಾಳು. ಯಾರಾದರೂ ಬಂದರೆ ಕಾಳನ್ನು ಮೇಲೆ ಎಳೆದರಾಯಿತು. ಆ ವರ್ಷ ನಮ್ಮ ಮನೆಯ ಜೋಳದಷ್ಟು ಹಸನಾದ ಜೋಳ ಬೈಲಹೊಂಗಲದಲ್ಲಿಯೇ ಇರಲಿಲ್ಲ ಬಿಡಿ.

ಹೀಗಿರುವಾಗ ಆ ಪುಸ್ತಕ ಬಂತು. ಊರ ಹೊರಗಿನ ಒಂದು ಧರ್ಮಶಾಲೆ. ತಂಗಿದ್ದ ಒಬ್ಬ ವ್ಯಾಪಾರಿ ಬೆಳಗಾಗುವಷ್ಟರಲ್ಲಿ ಸತ್ತಿದ್ದಾನೆ, ಕೋಣೆಗೆ ಒಳಗಿನಿಂದ ಅಗಳಿ ಹಾಕಿದೆ. ಉಳಿದವರು ಒಬ್ಬ ಕಂಪೌಂಡರ್, ನಾಟಕ ಕಂಪನಿಯ ನಟಿ, ಕಣ್ಣು ಕಾಣದ ಮುದುಕ, ಮತ್ತು ಧರ್ಮಶಾಲೆಯ ಅಡಿಗೆಯವನು. ಕಾಕು ಅದನ್ನು ನನಗೆ ಕೊಡುವಾಗ, “ಹೊಸಾದು. ನಾನೂ ಓದಿಲ್ಲ, ಯಾರೂ ಓದಿಲ್ಲ. ಬಾಲ ಮೊದಲ ನಿನಗ. ಆದರ ಕಡೀಕ ಏನಾತು ಅಂತ ನೀನ ಬಂದು ನನಗ ಹೇಳಬೇಕು” ಎಂದಳು. “ಹೇಳತೇನ್ರಿ” ಎಂದೆ. “ಆಣಿ?” “ಆಣಿ.” ಹಿಟ್ಟಿನ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟಳು. ಜೀವನದಲ್ಲಿ ನಾನು ಇಟ್ಟ ಆಣೆಗಳಲ್ಲಿ ಅದೊಂದೇ ನನಗೆ ಈಗಲೂ ನೆನಪಿರುವುದು.

ಓದಿದಷ್ಟನ್ನು ಹೋದಾಗಲೆಲ್ಲ ಹೇಳುತ್ತಿದ್ದೆ. ನನ್ನ ಸಂಶಯ ಪೂರ್ತಿ ಕಂಪೌಂಡರನ ಮೇಲೆ. ಔಷಧಿ ಗೊತ್ತಿದ್ದವನು, ಕೈಚೀಲ ಯಾರಿಗೂ ಮುಟ್ಟಗೊಡದವನು. ಕಾಕು ಕಲ್ಲಿಗೆ ಕಾಳು ಸುರಿಯುತ್ತಲೇ ತಲೆ ಅಲ್ಲಾಡಿಸುತ್ತಿದ್ದಳು. “ಅಡಗಿ ಮಾಡಾವನ ಮ್ಯಾಲ ಕಣ್ಣಿಡು. ಕಥಿಯೊಳಗ ಅವ ಬರತಾನ, ನೀಡತಾನ, ಹೋಗತಾನ, ಯಾರೂ ಅವನ ಮಾರಿ ನೋಡೂದಿಲ್ಲ. ನಮ್ಮಂಥಾವರು ಎಷ್ಟು ನೋಡಿರತೇವಿ ಅನ್ನೂದು ಮಂದಿಗೆ ಗೊತ್ತಿರೂದಿಲ್ಲ.” ನಾನು ಒಪ್ಪಲಿಲ್ಲ. ಇಬ್ಬರೂ ಹಠ ಹಿಡಿದೆವು.

‘ಕಂಬದ ಮರೆಯಿಂದ ಹೊರಬಂದ ಆ ವ್ಯಕ್ತಿಯ ಕೈಯಲ್ಲಿ’ ಎಂಬಲ್ಲಿಗೆ ಬ್ಲೇಡು ಬಿದ್ದಿತ್ತು. ಅಲ್ಲಿಯವರೆಗೆ ಓದಿ, ಪುಸ್ತಕವನ್ನು ಜೋಳದಲ್ಲಿ ಹುಗಿದು, ಡಬ್ಬಿ ಹೊತ್ತು ಗಿರಣಿಗೆ ಬಂದೆ. ಕರೆಂಟಿರಲಿಲ್ಲ. ಮನೆಯಲ್ಲಿ ನೆಂಟರು ಬಂದಿದ್ದರು, ಕಾಯುವಂತಿರಲಿಲ್ಲ. ಡಬ್ಬಿಯನ್ನು ಪಾಳಿಯಲ್ಲಿಟ್ಟು, “ನಾಳಿ ಬರತೇನ್ರಿ ಕಾಕು, ಬಾಲ ತಗದಿಡ್ರಿ” ಎಂದು ಓಡಿದೆ. ಸಂಜೆಯಾದರೂ ಕರೆಂಟು ಬರಲಿಲ್ಲ. ನನ್ನ ಮಾವನವರ ಅಣ್ಣ, ನಾವು ದೊಡ್ಡ ಮಾವನವರು ಎನ್ನುತ್ತಿದ್ದವರು, ಪಕ್ಕದ ಓಣಿಯಲ್ಲಿದ್ದರು. ಅವರ ಮನೆಯಿಂದ ಬಂದವರು ಬೀಸದ ಜೋಳವನ್ನೇ ವಾಪಸು ಒಯ್ದರು. ಅವರ ಡಬ್ಬಿಯ ಬಟ್ಟೆ ಕೇಸರಿ, ನನ್ನದು ಕೆಂಪು. ಮಬ್ಬಿನಲ್ಲಿ ಅವರು ಒಯ್ದದ್ದು ನನ್ನ ಡಬ್ಬಿ. ಹೆಸರು ಬರೆಸಿದ್ದರೆ ಹೀಗಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಾಲದ ಆಸೆಯಿಂದ ಗಿರಣಿಗೆ ಹೋದರೆ ಡಬ್ಬಿಯೇ ಇಲ್ಲ. ಕಾಕುವೂ ನಾನೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ದೊಡ್ಡ ಮಾವನವರು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಇನ್ನಿಬ್ಬರು ಹಿರಿಯರು. ಕೈಯಲ್ಲಿ ಪುಸ್ತಕ, ರಟ್ಟಿನ ಮೇಲೆ ನಟಿಯ ಚಿತ್ರ, ತೋಳಿಲ್ಲದ ರವಿಕೆ. ಕಾಳಿನಲ್ಲಿ ಸಿಕ್ಕದ್ದಕ್ಕಿಂತ ಆ ರವಿಕೆಯೇ ಅವರನ್ನು ಹೆಚ್ಚು ಕೆರಳಿಸಿತ್ತು ಎಂದು ನನ್ನ ಅನುಮಾನ. ನಾನು ಸೆರಗು ಎಳೆದುಕೊಂಡು ಚೀಲಗಳ ಹಿಂದೆ ಸರಿದೆ.

“ಏನವಾ, ಗಿರಣ್ಯಾಗ ಏನೇನ ಬೀಸಾಕ ಹತ್ತೀದಿ?” ಎಂದರು.

“ಜ್ವಾಳ ತಂದ್ರ ಜ್ವಾಳ, ಗೋದಿ ತಂದ್ರ ಗೋದಿ, ಯಜಮಾನ್ರ.”

“ಹೆಣ್ಣಮಕ್ಕಳ ತಲಿ ಕೆಡಸಾಕ ಹತ್ತೀದಿ. ಓದ್ ಇದನ್ನ, ಎಲ್ಲಾರ ಮುಂದ ಓದ್. ಮರ್ಯಾದಿ ಇದ್ದಾವ್ರು ಕೇಳೂವಂಥಾದ್ದು ಇದ್ರ ನಾ ಸುಮ್ಮನ ಹೋಗತೇನಿ. ಇಲ್ಲಂದ್ರ ನಾಳಿಂದ ನಮ್ಮ ಎರಡೂ ಓಣಿಯ ಒಂದ ಕಾಳ ನಿನ್ನ ಗಿರಣಿಗೆ ಬರೂದಿಲ್ಲ.”

ಮೋಟಾರು ನಿಂತಿತ್ತು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಎದ್ದು ನಿಂತರು. ಕಾಕು ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು, ನೆಟ್ಟಗೆ ಅವರ ಮುಖ ನೋಡಿದಳು. “ನನಗ ಓದಾಕ ಬರೂದಿಲ್ರಿ” ಎಂದಳು.

ಬಟ್ಟೆಯ ಚೂರುಗಳು, ಕಣ್ಣಿನ ಹಿಟ್ಟು, ಸಾಲಿನ ನಡುವೆ ಬಿದ್ದ ಬ್ಲೇಡು... ಎಲ್ಲವೂ ಒಂದೇ ಗಳಿಗೆಯಲ್ಲಿ ನನ್ನ ತಲೆಗೆ ಹತ್ತಿದವು. ದೊಡ್ಡ ಮಾವನವರು ಗಹಗಹಿಸಿ ನಕ್ಕರು. “ಓದಾಕ ಬರದಾಕಿ ಓಣಿಗೆ ಪುಸ್ತಕ ಹಂಚತಾಳಂತ! ಒಳಗ ಏನೈತಿ ಅನ್ನೂದಽ ಗೊತ್ತಿಲ್ಲ ಈಕಿಗೆ!”

“ಗೊತ್ತೈತ್ರಿ. ಇವರೆಲ್ಲಾ ಹೇಳ್ಯಾರ. ನೀವು ಒಂದ ಪುಸ್ತಕ ಎರಡ ಕಣ್ಣಿಲೆ ಓದೀರಿ, ನಾ ಒಂದೊಂದ ಪುಸ್ತಕ ಹತ್ತ ಮಂದಿ ಬಾಯಿಲೆ ಕೇಳೇನಿ.” ಕಾಕುವಿನ ದನಿ ನಡುಗಲಿಲ್ಲ.

ನಮ್ಮಲ್ಲಿ ಸೊಸೆಯಾದವಳು ದೊಡ್ಡ ಮಾವನ ಎದುರು ಮಾತಾಡುವುದಿರಲಿ, ಕೆಮ್ಮುವುದೂ ಇಲ್ಲ. ಮದುವೆಯಾಗಿ ವರ್ಷವಾಗುತ್ತಾ ಬಂದರೂ ನನ್ನ ದನಿ ಹೇಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಡಬ್ಬಿ ಯಾರದೆಂದು ಅವರು ಇನ್ನೂ ಕೇಳಿರಲಿಲ್ಲ. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ, ಗಿರಣಿ ಹೋಗುತ್ತಿತ್ತು. ನಾನು ಧೈರ್ಯವಂತೆಯೇನೂ ಅಲ್ಲ. ಆದರೆ ಆ ನಗು ಕೇಳಿಕೊಂಡು ಚೀಲಗಳ ಹಿಂದೆ ನಿಂತಿರಲು ಆಗಲಿಲ್ಲ. ಸೆರಗಿನೊಳಗಿಂದಲೇ ಕೈ ಚಾಚಿ, “ಕೊಡ್ರಿ, ನಾ ಓದತೇನಿ. ಡಬ್ಬಿ ನಂದ” ಎಂದೆ.

ಓದಿದೆ. ಮೊದಲೆರಡು ಸಾಲು ತಡವರಿಸಿದೆ. ಆಮೇಲೆ ಅಗಳಿ ಹಾಕಿದ ಬಾಗಿಲು, ಕಿಟಕಿಯಿಂದ ಇಣುಕುವ ಕಂಪೌಂಡರ್, ಮಂಚದ ಕೆಳಗೆ ಉರುಳಿದ ಲೋಟ... ಕಥೆ ತಾನೇ ನನ್ನ ಕೈ ಹಿಡಿದು ನಡೆಸಿತು. ಒಂದು ಹಾಳೆ ಮುಗಿಯಿತು, ಎರಡನೆಯದು ತಿರುವಿದೆ. ದೊಡ್ಡ ಮಾವನವರ ಹಿಂದಿದ್ದ ಹಿರಿಯರೊಬ್ಬರು ಗೋಧಿಯ ಚೀಲದ ಮೇಲೆ ಕುಳಿತರು. ಮೂರನೆಯ ಹಾಳೆಯ ಕೊನೆಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

“ಹೂಂ, ಮುಂದ?” ಎಂದುಬಿಟ್ಟರು ದೊಡ್ಡ ಮಾವನವರು.

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಕಾಕು ಮಾತ್ರ ನಗಲಿಲ್ಲ. “ಮುಂದಿಂದು ಬೇಕಾದ್ರ ನಾಳಿ ಜ್ವಾಳ ತಗೊಂಡ ಬರ್ರಿ ಯಜಮಾನ್ರ. ಎಲ್ಲಾರಂಗ ಪಾಳಿ ಹಚ್ಚರಿ” ಎಂದಳು.

ಅವರು ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು ಹೊರಟೇಹೋದರು. ಗಿರಣಿಗೆ ಕಾಳು ಬರುವುದು ನಿಲ್ಲಲಿಲ್ಲ. ಹೂಂ ಎಂದು ಕೇಳಿಸಿಕೊಂಡವರು ಇನ್ನು ಯಾವ ಬಾಯಿಂದ ತಡೆದಾರು? ಆದರೆ ನಾನು ಗಿರಣಿಗೆ ಹೋಗುವುದು ಅವತ್ತಿಗೇ ಮುಗಿಯಿತು. ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ, ಊಹಿಸಿಕೊಳ್ಳಿ. ಮರುದಿನದಿಂದ ಅತ್ತೆಯವರೇ ಡಬ್ಬಿ ಹೊತ್ತು ಹೋಗತೊಡಗಿದರು. ಬಾಲ ಕಾಕುವಿನ ಹಲಗೆಯ ಮೇಲೆ, ನಾನು ಅಡಿಗೆಮನೆಯಲ್ಲಿ. ನಡುವೆ ನೂರು ಹೆಜ್ಜೆ ಇರಲಿಲ್ಲ.

ಎರಡು ತಿಂಗಳಿಗೆ ನನ್ನ ಗಂಡನಿಗೆ ನವಿಲುತೀರ್ಥದ ನೀರಾವರಿ ಕೆಲಸದಲ್ಲಿ ನೌಕರಿಯಾಯಿತು. ಅಲ್ಲಿಯ ಕ್ವಾರ್ಟರ್ಸಿಗೆ ಹೋದೆವು. ಮೊದಲ ಬೆಳಿಗ್ಗೆ ಹಿನ್ನೀರಿನ ಬಂಡೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಬಿಚ್ಚಿ, ತೊಳೆದ ಬಟ್ಟೆಯಂತೆ ಒಣಗಿಸುತ್ತಾ ನಿಂತಿತ್ತು. “ನೀರುಕಾಗಿ” ಎಂದೆ. ಗಂಡ ಬೆರಗಾಗಿ, “ನಿನಗ ಹೆಂಗ ಗೊತ್ತು?” ಎಂದ. ಗಿರಣಿಯಲ್ಲಿ ಓದಿದ್ದೆ ಎಂದು ಹೇಳಿದೆ. ಮೊದಲ ಸಂಬಳದಲ್ಲೇ ಅವನು ಮುನವಳ್ಳಿಯ ಸಂತೆಯಿಂದ ಎರಡು ಹಳೆಯ ಪುಸ್ತಕ ತಂದುಕೊಟ್ಟ. ಕ್ವಾರ್ಟರ್ಸಿನ ಹೆಂಗಸರಿಗೆ ನಾನು ಪುಸ್ತಕ ಹಂಚತೊಡಗಿದ್ದು ಅಲ್ಲಿಂದ. ಆಮೇಲೆ ಸವದತ್ತಿಯಲ್ಲಿ, ರಾಮದುರ್ಗದಲ್ಲಿ, ಎಲ್ಲಿಗೆ ವರ್ಗವಾದರೂ ಹಂಚಿದೆ. ಒಂದು ಕೊಲೆ, ಒಂದು ಕಾಡು, ಅದೇ ಲೆಕ್ಕ. ಯಾವುದನ್ನೂ ಹಿಟ್ಟಿನಲ್ಲಿ ಮುಚ್ಚಿ ಕೊಡಲಿಲ್ಲ.

ಇಷ್ಟೆಲ್ಲ ಜಂಬ ಕೊಚ್ಚಿದ ಮೇಲೆ ಇದನ್ನೂ ಹೇಳಿಬಿಡಬೇಕು. ಮುಂದಿನ ವರ್ಷ ಪಂಚಮಿಗೆ ಬೈಲಹೊಂಗಲಕ್ಕೆ ಬಂದಾಗ ಅತ್ತೆಯವರ ಜೊತೆ ಗಿರಣಿಯ ಮುಂದೆ ಹಾದುಹೋದೆ. ಕಾಕು ಬಾಗಿಲಲ್ಲಿದ್ದಳು. ನನ್ನನ್ನು ನೋಡಿ ಬಿಳಿಯ ಕೈ ಎತ್ತಿ ಕರೆದಳು. ಮತ್ತೆ ಕರೆದಳು. ನಾನು ಬಸುರಿ, ಹಬ್ಬದ ದಿನ ಜಗಳ ಬೇಡವೆನಿಸಿತು, ಪಕ್ಕದಲ್ಲಿ ಅತ್ತೆಯವರು... ತಲೆ ತಗ್ಗಿಸಿ ನಡೆದುಬಿಟ್ಟೆ. ದೊಡ್ಡ ಮಾವನ ಎದುರು ಓದಿದವಳಿಗೆ ಹತ್ತು ಹೆಜ್ಜೆ ಪಕ್ಕಕ್ಕೆ ಸರಿಯಲು ಆಗಲಿಲ್ಲ. ಮತ್ತೆ ಬಂದಾಗ ಗಿರಣಿಗೆ ಬೇರೆಯವರ ಬೀಗವಿತ್ತು. ಕಾಕು ಕಿತ್ತೂರಿನ ಹತ್ತಿರದ ಹಳ್ಳಿಗೆ, ತಮ್ಮನ ಮನೆಗೆ ಹೋದಳು ಎಂದರು. ಅಲ್ಲಿಯೇ ತೀರಿಕೊಂಡಳೆಂಬ ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳ ಮೇಲೆ. ಹಲಗೆಯ ಮೇಲಿನ ಪುಸ್ತಕಗಳು ಏನಾದವೋ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ಮಾವನವರು ಮಾತ್ರ ಆ ಪುಸ್ತಕವನ್ನು ಬಿಸಾಡಿರಲಿಲ್ಲವಂತೆ. ಅಂಗಡಿಯಲ್ಲಿ ಪಂಚಾಂಗದೊಳಗೆ ಇಟ್ಟುಕೊಂಡು ಪೂರ್ತಿ ಓದಿದರಂತೆ. “ಇದರ ಮುಂದಿನ ಹಾಳಿ ಎಲ್ಲಿ ಹ್ವಾದುವು?” ಎಂದು ಮನೆಯವರನ್ನೆಲ್ಲ ಬೈದರಂತೆ. ಇದನ್ನು ಅವರ ಹೆಂಡತಿಯೇ ನನಗೆ ಹೇಳಿದರು, ಗಂಡ ತೀರಿಕೊಂಡ ಮೇಲೆ. ಅಷ್ಟರಲ್ಲಿ ಪುಸ್ತಕವೂ ರದ್ದಿಗೆ ಹೋಗಿತ್ತು.

ಈಗ ಈ ಟ್ರಂಕು. ಕಾಕು ಮಾತು ಉಳಿಸಿಕೊಂಡಿದ್ದಳು. ಅತ್ತೆಯವರು ಹೊತ್ತು ತಂದ ಹಿಟ್ಟಿನೊಳಗೇ ಬಾಲ ಕಳಿಸಿದ್ದಳು. ಮೊದಲು ನಿನಗೆ ಎಂದಿದ್ದಳಲ್ಲ, ಬೇರೆ ಯಾರಿಗೂ ತೋರಿಸಿರಲಾರಳು. ಅತ್ತೆಯವರ ಕೈಗೆ ಅದು ಸಿಕ್ಕಿತು. ಸುಡಲು ಹೆದರಿದರು, ಕೊಡಲು ಮನಸ್ಸು ಬರಲಿಲ್ಲ. ಮದುವೆಯ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದರು. ಕೊನೆಯ ಮೂರು ವರ್ಷ ಅವರಿಗೆ ತುತ್ತು ತಿನ್ನಿಸಿದವಳು ನಾನು. ಆಗಲಾದರೂ ಹೇಳಬಹುದಿತ್ತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಳ್ಳುತ್ತೇನೆ.

ಕಾಕುವಿನ ಮೇಲೆತ್ತಿದ ಕೈಯ ಅರ್ಥ ನನಗೆ ಈಗ ಆಗಿದೆ. ಬಾಲ ಮುಟ್ಟಿದೆ, ಓದಿದ್ದೀಯ, ಬಾ, ಬಂದು ಹೇಳು. ನಾನು ಓದಿದ್ದೇನೆ ಎಂದೇ ಅವಳು ತಿಳಿದಿದ್ದಳು. ಆಣೆಯಿಟ್ಟವಳು ಓದಿಯೂ ಹೇಳದೆ ಮುಖ ತಿರುಗಿಸಿ ಹೋದಳು ಎಂದು ತಿಳಿದೇ ಸತ್ತಳು.

ಹೋದ ವಾರ ನಮ್ಮೂರ ಹೆಣ್ಣುಮಕ್ಕಳ ಸಂಘದಿಂದ ಒಬ್ಬಳು ಬಂದಿದ್ದಳು. ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ ಬೇಕಿತ್ತು. “ಪತ್ತೇದಾರಿ ಗಿತ್ತೇದಾರಿ ಬ್ಯಾಡ್ರಿ ಅಜ್ಜಿ, ಮಂದಿ ನಗತಾರ” ಎಂದು ಎಚ್ಚರಿಸಿದಳು. ಪಟ್ಟಿ ಬರೆದುಕೊಟ್ಟಿದ್ದೇನೆ. ಐದು ಕೊಲೆ, ಐದು ಕಾಡು. ನಗುವವರು ಮೊದಲ ಮೂರು ಹಾಳೆ ಕೇಳಿಸಿಕೊಂಡು ಆಮೇಲೆ ನಗಲಿ.

ಬಾಲವನ್ನು ಅಡಿಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕ ಕುಳಿತು ಓದಿದೆ. ಗಟ್ಟಿಯಾಗಿ ಓದಿದೆ. ಕಂಬದ ಮರೆಯಿಂದ ಹೊರಬಂದವನು, ಒದ್ದೆ ಟವೆಲ್ ಹಿಡಿದವನು, ಕಂಪೌಂಡರ್ ಆಗಿರಲಿಲ್ಲ. ಕೊನೆಯ ಹಾಳೆ ಮುಗಿಸಿ ಸೆಣಬಿನ ದಾರವನ್ನು ಸವರುತ್ತಾ, “ಅಡಗಿಯವನ ರೀ ಕಾಕು. ನೀವಂದದ್ದಽ ಖರೆ ಆತು” ಎಂದೆ. ಒಲೆಯ ಮೇಲಿನ ಹಂಚು ಕಾದು ಹೊಗೆಯಾಡುತ್ತಿತ್ತು. ಕೇಳುವವಳು ಇರಲಿಲ್ಲ.

ದೊಡ್ಡ ಮಾವನವರಿಗೆ ಮಾತ್ರ ಹೇಳಿಲ್ಲ. ಅವರು ಕೊನೆಗೂ ಪಾಳಿ ಹಚ್ಚಲಿಲ್ಲ.